ದಾರಿಯಲ್ಲಿ ಸಿಗದ ಕೊಡಗಿನ ಊಟ

ಪುಣೆಯಲ್ಲಿ ನೆಲೆಸಿದ ನನ್ನಂಥ ಕನ್ನಡಿಗರಿಗೆ ಮರಾಠಿ ನೆರೆಹೊರೆಯವರಿಂದ ಅಂಟಿಕೊಳ್ಳುವ ಅಭ್ಯಾಸಗಳಲ್ಲಿ ಒಂದೆಂದರೆ, ವಾರದ ಕೊನೆಗೆ ಕಾರು ಹೊರಡಿಸುವ ಮೊದಲೇ ಎಲ್ಲಿ ಏನು ತಿನ್ನಬೇಕೆಂಬುದನ್ನು ಗೊತ್ತುಮಾಡಿಕೊಳ್ಳುವುದು. ಅವರಿಗೆ ಸಾತಾರ ಎಂದರೆ ಕೋಟೆಗಿಂತ ಮೊದಲು ನೆನಪಾಗುವುದು ಕಂದಿ ಪೇಡೆ. ಕೊಲ್ಹಾಪುರ ಎಂದರೆ ಮಹಾಲಕ್ಷ್ಮಿಯ ದರ್ಶನ ಮುಗಿಸಿಕೊಂಡು ಉಣ್ಣುವ ಕೆಂಪು ತಾಂಬಡಾ ರಸ್ಸಾ ಮತ್ತು ಬಿಳಿಯ ಪಾಂಢರಾ ರಸ್ಸಾ. ಖಾರದ ಕಾಳುಸಾರಿನ ಮಿಸಳ್ ವಿಚಾರವಂತೂ ಕೇಳಲೇಬೇಡಿ. ಪುಣೆಯವರು, ಕೊಲ್ಹಾಪುರದವರು, ನಾಸಿಕದವರು ತಮ್ಮ ತಮ್ಮ ಊರಿನದೇ ಸರಿಯೆಂದು ಗಂಟೆಗಟ್ಟಲೆ ವಾದಿಸಬಲ್ಲರು, ಆ ವಾದವನ್ನು ತೀರ್ಮಾನಿಸಲೆಂದೇ ಇನ್ನೂರು ಕಿಲೋಮೀಟರ್ ಹೋಗಿಬರಲೂ ಬಲ್ಲರು.

ನಾನು ಕೊಡಗಿನ ಶನಿವಾರಸಂತೆ ಕಡೆಯವನು. ನಮ್ಮ ಜಿಲ್ಲೆಗೆ ಬಂದು ಹೋದವರನ್ನು ಪ್ರವಾಸ ಹೇಗಿತ್ತೆಂದು ಕೇಳಿದರೆ ರಾಜಾಸೀಟು, ಅಬ್ಬಿ ಜಲಪಾತ, ದುಬಾರೆ, ತಲಕಾವೇರಿ ಎಂದು ನೋಡಿದ ಜಾಗಗಳನ್ನು ಸಾಲಾಗಿ ಹೇಳುತ್ತಾರೆ. ಊಟ ಎಲ್ಲಿ ಮಾಡಿದಿರಿ ಎಂದರೆ, ಎಲ್ಲೋ ದಾರಿಯಲ್ಲಿ ಫ್ರೈಡ್ ರೈಸ್ ತಿಂದೆವು ಎನ್ನುತ್ತಾರೆ. ಇದರಲ್ಲಿ ಬಂದವರ ತಪ್ಪಿಗಿಂತ ಊರಿನವರಾದ ನಮ್ಮ ಪಾಲು ಹೆಚ್ಚು ಎಂಬುದು ನನ್ನ ಅನಿಸಿಕೆ. ಕೊಡಗಿನ ರಸ್ತೆಗಳು ಕೊಡಗಿನ ಮನೆಗಳು ಉಣ್ಣುವುದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಮಾರುತ್ತವೆ. ಪುಣೆಯ ಸ್ನೇಹಿತರೊಡನೆ ಕೊಡಗನ್ನು ನಡುವಿಟ್ಟುಕೊಂಡು ಮೈಸೂರು, ಮಂಗಳೂರು, ತಲಶ್ಶೇರಿಗಳನ್ನು ಸುತ್ತಿಬಂದ ಮೇಲೆ ಈ ಅನಿಸಿಕೆ ಇನ್ನಷ್ಟು ಗಟ್ಟಿಯಾಗಿದೆ.

ಇಂಥ ತಿರುಗಾಟಕ್ಕೆ ಕೊಡಗಿನಷ್ಟು ಒಳ್ಳೆಯ ನಡುತಾಣ ಸಿಗುವುದು ಕಷ್ಟ. ಜಿಲ್ಲೆಗೆ ರೈಲು ಇಲ್ಲ, ವಿಮಾನ ನಿಲ್ದಾಣವಿಲ್ಲ. ಏನಿದ್ದರೂ ರಸ್ತೆಯೇ ಗತಿ, ಆದರೆ ಪ್ರತಿ ರಸ್ತೆಯೂ ಬೇರೊಂದು ಅಡುಗೆಮನೆಗೆ ಒಯ್ಯುತ್ತದೆ. ಮಡಿಕೇರಿಯಿಂದ ಪೂರ್ವಕ್ಕೆ ಸುಮಾರು 120 ಕಿ.ಮೀ. ಹೋದರೆ ಮೈಸೂರು, ಪಶ್ಚಿಮಕ್ಕೆ ಸಂಪಾಜೆ ಘಟ್ಟ ಇಳಿದು ಸುಳ್ಯ, ಪುತ್ತೂರು ದಾಟಿದರೆ ಮಂಗಳೂರು. ವಿರಾಜಪೇಟೆಯಿಂದ ಮಾಕುಟ್ಟದ ಕಾಡು ದಾಟಿ ಕೂಟುಪುಳ, ಇರಿಟ್ಟಿಯ ಮೇಲೆ ಹೋದರೆ ತಲಶ್ಶೇರಿ ನೂರು ಕಿಲೋಮೀಟರಿಗೂ ಕಡಿಮೆ. ಕುಟ್ಟದಲ್ಲಿ ಗಡಿ ದಾಟಿದರೆ ವಯನಾಡು. ನಮ್ಮ ಉತ್ತರದ ತುದಿಯಿಂದ ಸಕಲೇಶಪುರವೂ ಹಾಸನವೂ ನೆಂಟರ ಮನೆಯಷ್ಟು ಹತ್ತಿರ.

ಮೈಸೂರಿನ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ನಜರ್‌ಬಾದಿನ ಮೈಲಾರಿ ದೋಸೆಯ ಮೆದುವನ್ನು ಪುಣೆಯವರು ಮೊದಲ ತುತ್ತಿಗೇ ಒಪ್ಪಿಕೊಂಡರು, ಮೈಸೂರು ಪಾಕನ್ನು ಕಟ್ಟಿಸಿಕೊಂಡರು. ಅಲ್ಲಿ ಊರು ತನ್ನ ತಿಂಡಿಯನ್ನು ತಾನೇ ಬೀದಿಯಲ್ಲಿ ಮಾರುತ್ತದೆ, ಹುಡುಕಿ ಹೋಗುವ ಶ್ರಮವಿಲ್ಲ. ನನ್ನನ್ನು ಯೋಚನೆಗೆ ಹಚ್ಚಿದ್ದು ಬೈಲುಕುಪ್ಪೆ. ಕುಶಾಲನಗರದಲ್ಲಿ ಕಾವೇರಿ ದಾಟಿದೊಡನೆ ಮೈಸೂರು ಜಿಲ್ಲೆ, ಅಲ್ಲಿಂದ ಸ್ವಲ್ಪ ದೂರದಲ್ಲಿ 1960ರ ದಶಕದ ಆರಂಭದಲ್ಲಿ ನೆಲೆಗೊಂಡ ಟಿಬೆಟಿಯನ್ನರ ವಸಾಹತು. ಅಲ್ಲಿಯ ಸಣ್ಣ ಹೋಟೆಲುಗಳಲ್ಲಿ ತುಕ್ಪ, ಮೊಮೊ, ಆವಿಯಲ್ಲಿ ಬೆಂದ ತಿಂಗ್ಮೊ ಸಿಗುತ್ತವೆ. ಪಕ್ಕದ ಮೇಜಿನಲ್ಲಿ ಅದನ್ನೇ ಉಣ್ಣುತ್ತ ಕೂತವರು ಅಲ್ಲಿನ ಬಿಕ್ಕುಗಳು, ಅಲ್ಲಿನ ಅಜ್ಜಿಯರು. ನೆಲ ಬಿಟ್ಟು ಬಂದ ಜನ ತಮ್ಮ ದಿನನಿತ್ಯದ ಊಟವನ್ನು ದಾರಿಹೋಕರಿಗೂ ಬಡಿಸುತ್ತಾರೆ. ಹೊಳೆಯ ಈಚೆ ದಡದಲ್ಲಿ, ತಲೆತಲಾಂತರದಿಂದ ಇಲ್ಲೇ ಇರುವ ನಾವು ಅಂಗಡಿ ತುಂಬ ಹೋಂಮೇಡ್ ಚಾಕೊಲೇಟ್ ಜೋಡಿಸಿಟ್ಟಿದ್ದೇವೆ. ಕೊಡಗಿನ ಯಾವ ಅಜ್ಜಿಯ ಮನೆಯಲ್ಲೂ ಚಾಕೊಲೇಟ್ ಕಾಯಿಸುತ್ತಿದ್ದುದನ್ನು ನಾನಂತೂ ಕಾಣೆ.

ಅದೇ ದಾರಿಯಲ್ಲಿ ಮುಂದೆ ಮಧ್ಯಾಹ್ನದ ಹೊತ್ತಿಗೆ ನಿಂತ ಒಂದು ಹೋಟೆಲಿನಲ್ಲಿ ಅಕ್ಕಿಯುಂಡೆ ಕಡಂಬುಟ್ಟು, ಹಂದಿಮಾಂಸದ ಪಂದಿ ಕರಿ ಇದೆಯೇ ಎಂದು ಕೇಳಿದೆ. "ಅದು ಬೇಕಿದ್ರೆ ಬೆಳಿಗ್ಗೆನೇ ಹೇಳ್ಬೇಕಿತ್ತು ಸರ್, ಗೋಬಿ ಮಂಚೂರಿ ಕೊಡ್ಲಾ?" ಎಂದ ಹುಡುಗ. ಅವನನ್ನು ದೂರಿ ಪ್ರಯೋಜನವಿಲ್ಲ. ಬರುವವರಲ್ಲಿ ಹೆಚ್ಚಿನವರು ಕೇಳುವುದು ಗೋಬಿಯನ್ನೇ.

ಘಟ್ಟ ಇಳಿದು ಹತ್ತುವಾಗ ಕೊಡಗಿನ ಅಡುಗೆಯ ನಂಟುಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ, ಮತ್ತು ಅವನ್ನು ಹಿಡಿಯಲು ಹುಳಿಗಿಂತ ಒಳ್ಳೆಯ ಎಳೆ ಇಲ್ಲ. ಪಂದಿ ಕರಿಗೆ ಆ ಕಪ್ಪು ಬಣ್ಣವನ್ನೂ ನಾಲಗೆಯ ಬದಿಯಲ್ಲಿ ಉಳಿಯುವ ಹುಳಿಯನ್ನೂ ಕೊಡುವುದು ಕಾಚಂಪುಳಿ. ಮಳೆಗಾಲದಲ್ಲಿ ಪಣಪುಳಿಯ ಹಣ್ಣನ್ನು ಬುಟ್ಟಿಯಲ್ಲಿ ರಾಶಿ ಹಾಕಿ, ತಾನಾಗಿ ಸೋರುವ ರಸವನ್ನು ಹಿಡಿದು, ಅದು ಮಂದವಾಗಿ ಕಪ್ಪಾಗುವವರೆಗೆ ಕುದಿಸಿ ಬಾಟಲಿಗೆ ತುಂಬುತ್ತಾರೆ. ಹುರಿದು ಪುಡಿಮಾಡಿದ ಕೊತ್ತಂಬರಿ, ಜೀರಿಗೆ, ಕರಿಮೆಣಸುಗಳ ಮಸಾಲೆಯ ಜೊತೆ ಒಂದೆರಡು ಚಮಚ ಸಾಕು. ಇದೇ ಹಣ್ಣಿನ ಸಿಪ್ಪೆಯನ್ನು ಕೇರಳದಲ್ಲಿ ಹೊಗೆಗೆ ಒಣಗಿಸಿ ಕುಡಂಪುಳಿ ಮಾಡುತ್ತಾರೆ, ಅದರಲ್ಲೂ ಮಧ್ಯ ಮತ್ತು ದಕ್ಷಿಣ ಕೇರಳದ ಮೀನುಸಾರಿಗೆ ಅದಿಲ್ಲದೆ ನಡೆಯುವುದಿಲ್ಲ. ಉತ್ತರ ಕನ್ನಡದ ಕಾಡಿನಲ್ಲಿ ಅದು ಉಪ್ಪಾಗೆ. ಅದರ ದಾಯಾದಿ ಮರ ದಕ್ಷಿಣ ಕನ್ನಡದ ಪುನರ್ಪುಳಿ, ಅದನ್ನೇ ಮಹಾರಾಷ್ಟ್ರದ ಕರಾವಳಿಯವರು ಒಣಗಿಸಿ ಆಮಸೂಲ್ ಮಾಡಿ, ತೆಂಗಿನಹಾಲಿನ ಪಾನೀಯವಾದ ಸೋಲ್‌ಕಡಿಗೆ ಹಾಕುತ್ತಾರೆ. ಪುಣೆಯಲ್ಲಿ ಮೀನೂಟದ ಕೊನೆಗೆ ಸೋಲ್‌ಕಡಿ ಕುಡಿದು ಬೆಳೆದ ನನ್ನ ಸ್ನೇಹಿತನಿಗೆ ಇಷ್ಟನ್ನು ವಿವರಿಸಿದಾಗ, ಕಾಚಂಪುಳಿಯ ಬಾಟಲಿಯ ಮುಚ್ಚಳ ತೆಗೆದು ಮೂಸಿ ನೋಡಿ, ಇದು ನಮ್ಮ ಮನೆಯದೇ ವಾಸನೆ, ಸ್ವಲ್ಪ ಸಿಟ್ಟು ಜಾಸ್ತಿ ಎಂದ.

ಅಕ್ಕಿಯ ನಂಟೂ ಹಾಗೆಯೇ. ಅಕ್ಕಿ ತರಿಯನ್ನು ಬೇಯಿಸಿ ಉಂಡೆ ಕಟ್ಟಿ ಆವಿಗಿಟ್ಟರೆ ಕೊಡವರ ಕಡಂಬುಟ್ಟು. ಹಾಲು, ತೆಂಗಿನತುರಿ ಬೆರೆಸಿ ತಟ್ಟೆಯಲ್ಲಿ ಬೇಯಿಸಿದರೆ ಪಾಪುಟ್ಟು. ಎಳೆಎಳೆಯಾಗಿ ಒತ್ತಿದ ನೂಲ್‌ಪುಟ್ಟಿಗೆ ಮಾಕುಟ್ಟದ ಕೆಳಗೆ ಮಲಬಾರಿನಲ್ಲಿ ಹೆಸರೂ ಬದಲಾಗುವುದಿಲ್ಲ. ಕೊಡವರ ಅಕ್ಕಿರೊಟ್ಟಿಯಾದ ಅಕ್ಕಿ ಒಟ್ಟಿಯ ತಂಗಿ ಅಲ್ಲಿಯ ಪತ್ತಿರಿ, ತಲಶ್ಶೇರಿಯ ಬಿರಿಯಾನಿಯಲ್ಲಿ ಸಣ್ಣಕಾಳಿನ ಜೀರಕಶಾಲ ಅಕ್ಕಿ, ಆ ಅಕ್ಕಿ ಬೆಳೆಯುವುದು ಕುಟ್ಟದಾಚೆಯ ವಯನಾಡಿನಲ್ಲಿ. ಸಂಪಾಜೆ ಇಳಿದರೆ ಅದೇ ಅಕ್ಕಿ ನೀರುದೋಸೆಯಾಗುತ್ತದೆ, ಗರಿಗರಿ ರೊಟ್ಟಿಯಾಗಿ ಕೋಳಿಸಾರಿನಲ್ಲಿ ನೆನೆಯುತ್ತದೆ. ಹುರಿದ ಮಸಾಲೆಯ ಜಾಗವನ್ನು ತೆಂಗಿನಕಾಯಿಯೂ ಬ್ಯಾಡಗಿ ಮೆಣಸಿನಕಾಯಿಯೂ ಹಿಡಿಯುತ್ತವೆ. ಮಳೆಗಾಲದ ಪದಾರ್ಥಗಳಂತೂ ಘಟ್ಟದ ಎರಡೂ ಬದಿಗೆ ಸೇರಿದ್ದು. ಎಳೆ ಬಿದಿರನ್ನು ಹೆಚ್ಚಿ, ಅದರ ನಂಜು ಹೋಗಲೆಂದು ನೀರು ಬದಲಾಯಿಸುತ್ತ ಎರಡು ಮೂರು ದಿನ ನೆನೆಹಾಕುವ ಕ್ರಮ ಕೊಡವರ ಬೈಂಬಳೆ ಕರಿಗೂ, ತುಳುವರ ಕಣಿಲೆಗೂ, ನಮ್ಮ ಮನೆಯ ಕಳಲೆ ಪಲ್ಯಕ್ಕೂ ಒಂದೇ. ಕಕ್ಕಡ ತಿಂಗಳ ಹದಿನೆಂಟನೆಯ ದಿನ ಮದ್ದುಸೊಪ್ಪಿನ ರಸದಲ್ಲಿ ಮಾಡುವ ನೇರಳೆ ಬಣ್ಣದ ಪಾಯಸ ಮಾತ್ರ ಘಟ್ಟದ ಮೇಲಿನವರ ವಿಶೇಷ.

ಇಲ್ಲಿ ಒಂದು ಮಾತು ಹೇಳಲೇಬೇಕು. ಹೊರಗಿನವರಿಗೆ ಕೊಡಗಿನ ಊಟವೆಂದರೆ ಪಂದಿ ಕರಿಯಷ್ಟೇ ಆಗಿಬಿಟ್ಟಿದೆ, ರೆಸಾರ್ಟುಗಳ ಮೆನು ನೋಡಿದರೆ ಒಳಗಿನವರೂ ಹಾಗೆಯೇ ನಂಬಿದಂತಿದೆ. ಸೋಮವಾರಪೇಟೆ, ಶನಿವಾರಸಂತೆ ಕಡೆಯದು ಹಾಸನದ ಮಲೆನಾಡಿಗೆ ಹೊಂದಿಕೊಂಡ ಊಟ. ಅರೆಭಾಷೆ ಗೌಡರ ಮನೆಗಳು ಮಡಿಕೇರಿಯ ಕಡೆಯಲ್ಲೂ ಘಟ್ಟದ ಕೆಳಗಿನ ಸುಳ್ಯದಲ್ಲೂ ಇವೆ. ವಿರಾಜಪೇಟೆ, ಸಿದ್ದಾಪುರಗಳಲ್ಲಿ ಮಲಬಾರಿನ ಪರಿಮಳ ಎಂದಿನಿಂದಲೂ ಇದೆ. ಎರವರು, ಕುರುಬರು ಕಾಡಿನಿಂದ ತರುವ ಸೊಪ್ಪು, ಗೆಡ್ಡೆ, ಅಣಬೆಗಳ ಅರಿವು ಬೇರೆ ಯಾರಿಗೂ ಇಲ್ಲ. ಒಂದೇ ಮಾಂಸದ ಪದಾರ್ಥಕ್ಕೆ ಜಿಲ್ಲೆಯ ಹೆಸರನ್ನೆಲ್ಲ ಕೊಟ್ಟುಬಿಡುವುದು ಅದರ ರುಚಿಯನ್ನು ಅಷ್ಟಾಗಿ ಮೆಚ್ಚುವ ನನಗೂ ಸರಿಕಾಣುವುದಿಲ್ಲ.

ಕೊಲ್ಹಾಪುರದವರು ಮಾಡಿದ್ದನ್ನು ನಾವೇಕೆ ಮಾಡಲಿಲ್ಲ ಎಂಬುದಕ್ಕೆ ಕಾರಣಗಳಿಲ್ಲದಿಲ್ಲ. ಅದು ಪೇಟೆಯ ಊರು; ಸುತ್ತಲಿನ ಹಳ್ಳಿಗಳಿಂದ ಬೆಲ್ಲ ಮಾರಲು ಬಂದವರಿಗೆ, ಕುಸ್ತಿಗೆ ಬಂದವರಿಗೆ, ದೇವಿಯ ದರ್ಶನಕ್ಕೆ ಬಂದವರಿಗೆ ಮಧ್ಯಾಹ್ನದ ಊಟ ಬೇಕಿತ್ತು, ಮನೆಯ ಮುಂಕೋಣೆಯಲ್ಲಿ ನಾಲ್ಕು ಮೇಜು ಹಾಕಿದರೆ ಖಾನಾವಳಿಯಾಯಿತು. ಕೊಡಗಿನಲ್ಲಿ ಮನೆಗಳು ತೋಟದ ನಡುವೆ ಚೆದುರಿ ನಿಂತಿವೆ, ಒಂದು ಗೇಟಿನಿಂದ ಇನ್ನೊಂದು ಗೇಟಿಗೆ ಮೈಲಿ ದೂರ. ದೊಡ್ಡ ಅಡುಗೆಯಾಗುವುದು ಕುಲದ ಮೂಲಮನೆಯಾದ ಐನ್‌ಮನೆಯಲ್ಲಿ, ಮದುವೆಯಲ್ಲಿ, ಸುಗ್ಗಿಹಬ್ಬ ಪುತ್ತರಿಯಲ್ಲಿ. ಅದಕ್ಕೆ ಬರುವವರು ನೆಂಟರು, ದುಡ್ಡು ಕೊಟ್ಟು ಉಣ್ಣುವವರಲ್ಲ. ಪೇಟೆಗಳಲ್ಲಿ ಹೋಟೆಲು ತೆರೆದವರಲ್ಲಿ ಹಲವರು ಕರಾವಳಿಯಿಂದ, ಮಲಬಾರಿನಿಂದ ಘಟ್ಟ ಹತ್ತಿ ಬಂದವರು, ಅವರು ತಮಗೆ ಗೊತ್ತಿದ್ದುದನ್ನು ಬಡಿಸಿದರು. ಹೋಂಸ್ಟೇಗಳು ಬಂದ ಮೇಲೆ ಮನೆಯೂಟ ಮೊದಲ ಬಾರಿಗೆ ಹೊರಗಿನವರಿಗೆ ಸಿಕ್ಕಿತು, ನಿಜ. ಆದರೆ ಅದು ರಾತ್ರಿ ಉಳಿಯುವವನಿಗೆ ಮಾತ್ರ. ಮಡಿಕೇರಿಯ ಮೇಲೆ ಹಾದು ಸಂಜೆಗೆ ಮಂಗಳೂರು ಸೇರಬೇಕಾದ ಸಾಮಾನ್ಯ ಕುಟುಂಬಕ್ಕೆ, ಅವರ ಜೇಬಿಗೆ ಒಗ್ಗುವ ಬೆಲೆಗೆ, ಒಂದು ತಟ್ಟೆ ಅಕ್ಕಿ ಒಟ್ಟಿ, ಕಳಲೆ ಪಲ್ಯ, ಕೋಳಿ ಕರಿ ಸುಲಭವಾಗಿ ದೊರೆಯುವ ವ್ಯವಸ್ಥೆ ಈಗಲೂ ವಿರಳ. ವಿರಾಜಪೇಟೆ, ಗೋಣಿಕೊಪ್ಪಗಳಲ್ಲಿ ಅಂಥ ಸಣ್ಣ ಜಾಗಗಳು ಕೆಲವಿವೆ. ದಾರಿ ಗೊತ್ತಿದ್ದವರು ಹುಡುಕಿಕೊಂಡು ಹೋಗುತ್ತಾರೆ.

ಮಹಾರಾಷ್ಟ್ರದ್ದೆಲ್ಲವೂ ಚೆನ್ನ ಎಂದು ನಾನು ಹೇಳುತ್ತಿಲ್ಲ. 2002ರಲ್ಲಿ ಪೂರ್ಣವಾಗಿ ತೆರೆದ ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯ ಫುಡ್ ಮಾಲುಗಳಲ್ಲಿ ಊರಿನ ಗುರುತೇ ಸಿಗದ ಒಂದೇ ರುಚಿ, ಹೆಚ್ಚಿದ ಬೆಲೆ. ನಮ್ಮಲ್ಲೂ ಅದೇ ಗಾಳಿ ಬೀಸಿದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ 118 ಕಿ.ಮೀ. ಉದ್ದದ ಬೆಂಗಳೂರು–ಮೈಸೂರು ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ಬದಿಗೆ ಸರಿಸಿ ಹೋಯಿತು. ಪ್ರಯಾಣದ ಹೊತ್ತು ಉಳಿಯಿತು, ಬಿಡದಿಯ ತಟ್ಟೆ ಇಡ್ಲಿ ಮತ್ತು ಮದ್ದೂರು ವಡೆಯ ಹಳೆಯ ಹೋಟೆಲುಗಳ ಮುಂದೆ ನಿಲ್ಲುತ್ತಿದ್ದ ಕಾರುಗಳು ಕಡಿಮೆಯಾದವು. ಅದೇ ದಿನ ಮೈಸೂರಿನಿಂದ ಕುಶಾಲನಗರದವರೆಗಿನ 92 ಕಿ.ಮೀ. ಚತುಷ್ಪಥಕ್ಕೆ ಶಂಕುಸ್ಥಾಪನೆಯೂ ಆಯಿತು. ಆ ರಸ್ತೆ ಮುಗಿದಾಗ ಕೊಡಗಿಗೆ ಬರುವವರ ಸಂಖ್ಯೆ ಏರುವುದು ಖಂಡಿತ, ಅವರು ನಡುವೆ ಎಲ್ಲೂ ನಿಲ್ಲದೆ ಹಸಿದು ಬರುವುದೂ ಖಂಡಿತ. ಅವರಿಗೆ ಏನು ಬಡಿಸಬೇಕೆಂಬುದನ್ನು ಊರಿನವರು ತೀರ್ಮಾನಿಸದಿದ್ದರೆ ಹೊರಗಿನ ಕಂಪನಿಗಳು ತೀರ್ಮಾನಿಸುತ್ತವೆ.

ಈ ಮಾತನ್ನು ಊರಿನಲ್ಲಿ ಚಿಕ್ಕಮ್ಮನ ಮುಂದೆ ಆಡಿದಾಗ ಅವರು ನಕ್ಕರು. "ಕಾಫಿ ಕುಯ್ಲಲ್ಲಿ ಮನೆಯವರಿಗೇ ಬೇಯಿಸಿ ಹಾಕೋಕೆ ಪುರುಸೊತ್ತಿಲ್ಲ ಕಣಪ್ಪ, ದಾರೀಲಿ ಹೋಗೋರಿಗೆ ಯಾರು ಮಾಡ್ತಾರೆ? ಪುಣೇಲಿ ಕೂತು ಹೇಳೋದು ಸುಲಭ." ಅವರ ಮಾತಿನಲ್ಲಿ ಹುರುಳಿದೆ. ಕುಯ್ಲು ಬೀಳುವುದು ಡಿಸೆಂಬರಿನಿಂದಾಚೆ, ಪ್ರವಾಸಿಗಳು ಮುಗಿಬೀಳುವುದೂ ಕ್ರಿಸ್‌ಮಸ್ ರಜೆಗೆ. ಆಳು ಸಿಗದೆ ಮನೆಮಂದಿಯೆಲ್ಲ ತೋಟದಲ್ಲಿರುವ ಹೊತ್ತು ಅದು. ಕೈ ಬಿಡುವಾಗಿರುವ ಮಳೆಗಾಲದಲ್ಲಿ ಅಡುಗೆಮನೆ ಅತ್ಯಂತ ಸಮೃದ್ಧವಾಗಿರುತ್ತದೆ, ಆದರೆ ಆಗ ರಸ್ತೆಯನ್ನು ನಂಬುವ ಹಾಗಿಲ್ಲ: 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ಹೆದ್ದಾರಿಯೇ ಮುಚ್ಚಿತ್ತು, ಜೋರು ಮಳೆಯ ವರ್ಷಗಳಲ್ಲಿ ಘಟ್ಟದ ದಾರಿಗಳಲ್ಲಿ ಭಾರೀ ವಾಹನಗಳಿಗೆ ತಡೆ ಬೀಳುತ್ತದೆ.

ಎರಡರ ನಡುವೆ ಒಂದು ಸಂದು ಇದೆ ಎಂದು ಚಿಕ್ಕಮ್ಮನಿಗೆ ಹೇಳಿದೆ, ಇಲ್ಲಿಯೂ ಅದನ್ನೇ ಹೇಳುತ್ತೇನೆ. ಸೆಪ್ಟೆಂಬರ್ ಮೊದಲ ವಾರದ ಆಯುಧಹಬ್ಬ ಕೈಲ್‌ಪೊಳ್ದಿನಿಂದ ಅಕ್ಟೋಬರ್ ನಡುವಿನ ತುಲಾ ಸಂಕ್ರಮಣದವರೆಗೆ ಮಳೆ ಇಳಿಮುಖವಾಗಿರುತ್ತದೆ, ಆ ವರ್ಷದ ಕಾಚಂಪುಳಿ ಕುದಿಸಿ ಇಟ್ಟಾಗಿರುತ್ತದೆ, ಕುಯ್ಲಿಗೆ ಇನ್ನೂ ಹೊತ್ತಿರುತ್ತದೆ, ತಲಕಾವೇರಿಯ ತೀರ್ಥೋದ್ಭವಕ್ಕೆ ಜನ ಹೇಗೂ ಬರುತ್ತಾರೆ. ಆ ಆರು ವಾರಗಳ ಮಟ್ಟಿಗಾದರೂ ಊರಿನ ಮಹಿಳಾ ಸಂಘಗಳು ರಸ್ತೆಬದಿಯಲ್ಲಿ ಮಧ್ಯಾಹ್ನದ ಊಟವನ್ನಷ್ಟೇ ಬಡಿಸಲಿ. ಸೋಮವಾರಪೇಟೆಯಲ್ಲಿ ಸೋಮವಾರಪೇಟೆಯದು, ವಿರಾಜಪೇಟೆಯಲ್ಲಿ ವಿರಾಜಪೇಟೆಯದು, ಅಂದು ಬೆಂದದ್ದು ಮುಗಿದರೆ ಮುಗಿಯಿತೆಂದು ಬೋರ್ಡು ತಿರುಗಿಸಲಿ. ಚಿಕ್ಕಮ್ಮ ಒಪ್ಪಲಿಲ್ಲ, ಆದರೆ ಒಂದು ಊಟಕ್ಕೆ ಪುಣೆಯಲ್ಲಿ ಎಷ್ಟು ತೆಗೆದುಕೊಳ್ಳುತ್ತಾರೆ ಎಂದು ಕೇಳಿದರು.