ಮುಜಂಟಿಗೆ ಅಡಿಕೆ ತೋಟ ಮಾತ್ರ ಸಾಲದು

ಅಡಿಕೆ ತೋಟದಲ್ಲಿ ಎಲ್ಲಿಟ್ಟರೂ ಮುಜಂಟಿ (ಕುಟುಕದ ಪುಟ್ಟ ಜೇನು) ಬೆಳೆಯುತ್ತದೆ ಎಂದು ಜೇನು ಸಾಕಣೆಯ ಲೇಖನವೊಂದರಲ್ಲಿ ಓದಿದೆ. ಅಷ್ಟು ಸುಲಭವಲ್ಲ. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನು ಕಿಲೋಮೀಟರ್ ದಾಟಿಯೂ ಮೇವಿಗೆ ಹೋಗುತ್ತದೆ. ಮುಜಂಟಿಯ ಓಡಾಟ ಬಹುಪಾಲು 500 ಮೀಟರ್ ಒಳಗೇ. ಸಿಂಗಾರದಲ್ಲಿ (ಅಡಿಕೆಯ ಹೂಗೊನೆ) ಪರಾಗ ಧಾರಾಳ, ಸರಿ. ಗೂಡು ಕಟ್ಟಲು ಅಂಟು ಬೇಕಲ್ಲ? ಅದು ಹಲಸು, ಮಾವು, ಗೇರು, ಧೂಪದ ಮರಗಳಿಂದ ಬರಬೇಕು.

ಬೆಳಿಗ್ಗೆ ಬಿಸಿಲೇರುವಾಗ ಪೆಟ್ಟಿಗೆಯ ಬಾಗಿಲ ಕೊಳವೆಗೆ ಮರಳುವ ಹುಳಗಳನ್ನು ನೋಡಿ: ಹಿಂಗಾಲಲ್ಲಿ ಪುಡಿಪುಡಿ ಹಳದಿ ಉಂಡೆಯಿದ್ದರೆ ಪರಾಗ, ಹೊಳೆಯುವ ಕಂದು ಹನಿಯಿದ್ದರೆ ಅಂಟು. ಅಂಟು ಬಾರದಿದ್ದರೆ ಪೆಟ್ಟಿಗೆಯ ಬಿರುಕು ಮುಚ್ಚುವುದಿಲ್ಲ; ಇರುವೆ, ಫೋರಿಡ್ ನೊಣ (ಗೂಡಿನೊಳಗೆ ಮೊಟ್ಟೆಯಿಡುವ ಸಣ್ಣ ನೊಣ) ನುಗ್ಗುತ್ತವೆ. (ಗೇಟಿಗೆ ಬಳಿದ ಹಸಿ ಬಣ್ಣವನ್ನೂ ಇವು ಕೆರೆದು ತರುವುದುಂಟು!)

ಕಳೆನಾಶಕ ಹೊಡೆದು ನೆಲ ಬೋಳು ಮಾಡಿದರೆ ಮಳೆಗಾಲದಲ್ಲಿ ನಾಚಿಕೆಮುಳ್ಳಿನ ಹೂವೂ ಇಲ್ಲ. ಜೇನು ತೆಗೆಯುವುದನ್ನು ಮೇ ಒಳಗೆ ಮುಗಿಸಿ, ಮಳೆಗಾಲದ ಮೇವಿಗೆಂದು ಅರ್ಧದಷ್ಟು ಜೇನಕುಡಿಕೆ (ಮುಜಂಟಿ ಜೇನು ತುಂಬಿಡುವ ಪುಟ್ಟ ಕುಡಿಕೆ) ಬಿಡಿ.

ಪಕ್ಕದ ಗೇರುಗುಡ್ಡದಲ್ಲಿ ಟೀ ಸೊಳ್ಳೆಗೆ (ಚಿಗುರು, ಹೂವಿನ ರಸ ಹೀರುವ ಕೀಟ) ಹೂವಿನ ಕಾಲದಲ್ಲೇ ಔಷಧ ಹೊಡೆಯುತ್ತಾರೆ. ಅದರಿಂದ ತಪ್ಪಿಸಲು ಪೆಟ್ಟಿಗೆಯನ್ನು 200 ಮೀಟರ್ ಆಚೆ ಸರಿಸಿದರೆ ಪ್ರಯೋಜನವಿಲ್ಲ, ದುಡಿಯುವ ಹುಳಗಳು ಹಳೇ ಜಾಗಕ್ಕೇ ಮರಳುತ್ತವೆ. ಕತ್ತಲಾದ ಮೇಲೆ ಬಾಗಿಲಿಗೆ ಜಾಲರಿ ಕಟ್ಟಿ, ಒಂದೆರಡು ಕಿಲೋಮೀಟರ್ ದೂರ ಸಾಗಿಸಿ. ಒಯ್ಯುವಾಗ ಪೆಟ್ಟಿಗೆ ಓರೆಯಾದರೆ ಕುಡಿಕೆ ಒಡೆದು ಮರಿಗಳ ಮೇಲೆ ಜೇನು ಸುರಿಯುತ್ತದೆ.