ಕೂದಲೆಳೆಯಷ್ಟು ಏರಿದ್ದ ಶ್ರುತಿ
ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ಆಲ್ಬಮ್ ‘ಕೈಂಡ್ ಆಫ್ ಬ್ಲೂ’ ಹಿನ್ನೆಲೆಗಷ್ಟೇ ಒದಗುವ ಸಂಗೀತವೆಂದು ಲೇಖನವೊಂದರಲ್ಲಿ ಬಂದ ಮಾತನ್ನು ನಾನು ಒಪ್ಪಲಾರೆ. ಅದರ ಮೊದಲ ರಚನೆ ‘ಸೋ ವಾಟ್’ನಲ್ಲಿ ನಮ್ಮ ಖರಹರಪ್ರಿಯ ರಾಗದ ಸ್ವರಗಳೇ ಇರುವ ಡೋರಿಯನ್ ಮೋಡ್ (ಪಾಶ್ಚಾತ್ಯ ಸ್ವರಶ್ರೇಣಿ) 16 ಬಾರ್‌ಗಳವರೆಗೆ (ನಮ್ಮ ತಾಳದ ಆವರ್ತದಂಥ ಅಳತೆ) ನಿಂತು, 8 ಬಾರ್‌ಗಳಿಗೆ ಅರ್ಧ ಸ್ವರ ಮೇಲೇರಿ ಮತ್ತೆ ಇಳಿಯುತ್ತದೆ, ಆ ವಿಶಾಲ ಬಯಲಿನಲ್ಲಿ ಮೈಲ್ಸ್ ಡೇವಿಸ್ ಬಿಡುವ ಮೌನವನ್ನು ಹಿಡಿಯಲು ಕಿವಿಗೊಟ್ಟು ಕೂರಲೇಬೇಕು. ಬಸವನಗುಡಿಯ ನಮ್ಮ ಮನೆಯಲ್ಲಿ ಆ ಆಲ್ಬಮ್ಮಿನ ಹಳೆಯ ಎಲ್‌ಪಿ ತಟ್ಟೆಯ ಜೊತೆ ಶ್ರುತಿಪೆಟ್ಟಿಗೆ ಕೂಡಿಸಲು ಹೋಗಿ (ಹುಚ್ಚು ಎನ್ನಿ!) ಎಷ್ಟೋ ಸಂಜೆ ಸೋತಿದ್ದೇನೆ. 1959ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನಲ್ಲಿ ತಟ್ಟೆಯ ಮೊದಲ ಮುಖದ ಮೂರು ರಚನೆಗಳನ್ನು ಮುದ್ರಿಸಿದ ಟೇಪ್ ಯಂತ್ರ ತುಸು ನಿಧಾನವಾಗಿ ಓಡಿದ್ದರಿಂದ, ಸರಿಯಾದ ವೇಗದಲ್ಲಿ ನುಡಿಸಿದಾಗ ತಟ್ಟೆಯಲ್ಲಿ ಶ್ರುತಿ ಏರಿತ್ತು, 1990ರ ದಶಕದ ಮರುಬಿಡುಗಡೆಯವರೆಗೂ ಅದು ಹಾಗೆಯೇ ಉಳಿದಿತ್ತು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಆದರೂ ಏರಿದ ಶ್ರುತಿಯ ಆ ತಟ್ಟೆಯೇ ನನಗಿಂದಿಗೂ ಹೆಚ್ಚು ಇಷ್ಟ.