ಬಾಂಬಿನ ಗುಂಡಿ, ಬಿಲ್ಲಿನ ಗುಂಡಿ

2071ರ ಅಕ್ಟೋಬರಿನ ಯುದ್ಧದಲ್ಲಿ ಅನ್ಯಗ್ರಹದವರು ಬೆಂಗಳೂರಿನ ಮೇಲೆ ಹಾಕಿದ್ದು ಹನ್ನೊಂದು ಬಾಂಬು. ಯುದ್ಧ ಹಾನಿ ಪರಿಹಾರಕ್ಕೆಂದು ನಗರ ಸಲ್ಲಿಸಿದ ಪಟ್ಟಿಯಲ್ಲಿರುವ ಗುಂಡಿಗಳು ಹದಿನಾಲ್ಕು ಸಾವಿರದ ಮುನ್ನೂರ ಆರು. ಲೆಕ್ಕ ಎಲ್ಲೋ ತಪ್ಪಿರಬೇಕು ಎಂದು ಆ ಕಡೆಯವರು ವಿನಯದಿಂದಲೇ ಪತ್ರ ಬರೆದರು. ತಪ್ಪಿರುವುದು ನಿಜ, ಎರಡು ವಲಯಗಳ ಪಟ್ಟಿ ಇನ್ನೂ ಕೈಸೇರಿಲ್ಲ ಎಂದು ಈ ಕಡೆಯಿಂದ ಉತ್ತರ ಹೋಯಿತು.

ದಾಳಿಗೆ ಅವರು ಆರಿಸಿಕೊಂಡ ಕಾಲವೇ ಸರಿಯಿರಲಿಲ್ಲ. ಬೆಂಗಳೂರಿನಲ್ಲಿ ಮಳೆ ಜೋರಾಗಿ ಹಿಡಿಯುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆ ಹೊತ್ತಿಗೆ ಬಂದು ಬಾಂಬು ಹಾಕಿದರೆ ಹಾಕಿದ್ದು ಹಾಕಿದವರಿಗೇ ಗೊತ್ತಾಗುವುದಿಲ್ಲ. ಮಾರ್ಚಿನ ಕೊನೆಯ ವಾರದಲ್ಲಿ ಬಂದಿದ್ದರೆ, ಆರ್ಥಿಕ ವರ್ಷ ಮುಗಿಯುವ ಮುಂಚೆ ಅವಸರದಲ್ಲಿ ಹಾಸಿದ ಕಪ್ಪನೆ ಡಾಂಬರಿನ ಮೇಲೆ ಅವರ ಕೈಚಳಕ ಏಪ್ರಿಲ್‌ವರೆಗಾದರೂ ಎದ್ದು ಕಾಣುತ್ತಿತ್ತು.

ಅವರ ಬೇಹುಗಾರಿಕೆ ಚೆನ್ನಾಗಿಯೇ ಇತ್ತು. ಅರ್ಧ ಶತಮಾನದಿಂದ ಮೇಲಿನಿಂದ ಚಿತ್ರ ತೆಗೆದು ಕೂಡಿಟ್ಟಿದ್ದರು. ಗೊಂದಲ ಶುರುವಾದದ್ದೂ ಅಲ್ಲಿಂದಲೇ. 2017ರಲ್ಲಿ ಶುರುವಾಗಿ 2019ಕ್ಕೆ ಮುಗಿಯಬೇಕಿದ್ದ ಈಜಿಪುರದ ಮೇಲ್ಸೇತುವೆಯ 2022ರ ಚಿತ್ರ ನೋಡಿದ ಅವರ ಸೇನಾ ತಜ್ಞರು, ‘ಕಂಬಗಳು ಉಳಿದಿವೆ, ಮೇಲಿನ ರಸ್ತೆಯನ್ನು ಶತ್ರುಗಳು ಹಾರಿಸಿದ್ದಾರೆ, ಗುರಿ ಅದ್ಭುತ’ ಎಂದು ಟಿಪ್ಪಣಿ ಬರೆದರು. ಕಂಬಕ್ಕೆ ಗೀರು ಕೂಡ ಬೀಳದಂತೆ ಎರಡೂವರೆ ಕಿಲೋಮೀಟರ್ ಉದ್ದ ಮೇಲ್ಭಾಗವನ್ನಷ್ಟೇ ಉಡಾಯಿಸಬಲ್ಲ ಆಯುಧ ಯಾರ ಬಳಿ ಇದೆ ಎಂಬ ಚರ್ಚೆಯಲ್ಲಿ ಅವರ ಒಂದು ಮಳೆಗಾಲ ಕಳೆಯಿತು. ಆಮೇಲೆ ಬೆಳ್ಳಂದೂರು ಕೆರೆಯ ಕಡತ ಬಂತು. 2015ರಲ್ಲಿ ನೊರೆಗೆ ಬೆಂಕಿ. 2018ರ ಜನವರಿಯಲ್ಲಿ ಮತ್ತೆ ಬೆಂಕಿ, ಆರಿಸಲು ಸೈನಿಕರು. ನೀರು ಉರಿಯುವ ಊರು, ಉರಿಯುವ ನೀರಿಗೆ ಎದುರಾಗಿ ಸೈನ್ಯ: ಇಲ್ಲಿ ಆಗಲೇ ಬೇರೆ ಯಾವುದೋ ಗ್ರಹದವರು ಬಂದು ಯುದ್ಧ ಮಾಡುತ್ತಿದ್ದಾರೆ ಎಂದು ಅವರು ತೀರ್ಮಾನಿಸಿದ್ದರಲ್ಲಿ ತಪ್ಪೇನಿದೆ? ಒಳಚರಂಡಿಯ ನೀರು ಶುದ್ಧವಾಗದೆ ಕೆರೆಗೆ ಬಿದ್ದು, ಅದರಲ್ಲಿನ ಸೋಪಿನ ಪುಡಿ ಕೋಡಿಯಲ್ಲಿ ಧುಮುಕುವಾಗ ಕಡೆದು ನೊರೆಯಾಗುತ್ತದೆ, ಗಾಳಿ ಬೀಸಿದರೆ ರಸ್ತೆಗೆ ಹಾರುತ್ತದೆ. ಇಷ್ಟು ಸರಳ ಸಂಗತಿಯನ್ನು ನಂಬಲು ಮುಂದುವರಿದ ನಾಗರಿಕತೆಗೆ ಕಷ್ಟ.

ಯುದ್ಧದ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ನಾಲ್ಕು ದಿನ ನಡೆಯಿತು. ಮೊದಲ ದಿನ ಕಾವೇರಿ ನೀರು ನಿಲ್ಲಿಸಿದರು. ನೀರು ಬರುವುದು ನೂರು ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಹಂತಗಳಲ್ಲಿ ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪಾಗಿ. ಹಾರೋಹಳ್ಳಿಯ ವಿದ್ಯುತ್ ಕಡಿದರೆ ನಗರ ಸಂಜೆಯೊಳಗೆ ಶರಣಾಗುತ್ತದೆಂಬ ಲೆಕ್ಕ. ನಗರಕ್ಕೆ ವಿಷಯವೇ ತಿಳಿಯಲಿಲ್ಲ. ತುರ್ತು ನಿರ್ವಹಣೆ ಇರಬೇಕೆಂದು ಎಲ್ಲರೂ ಸಂಪು ಇಣುಕಿ ನೋಡಿ ಟ್ಯಾಂಕರಿಗೆ ಫೋನ್ ಮಾಡಿದರು. 2024ರ ಮಾರ್ಚಿನ ಬರದಲ್ಲಿ ಐದು ಕಿಲೋಮೀಟರ್ ಒಳಗಿನ 12,000 ಲೀಟರಿನ ಟ್ಯಾಂಕರಿಗೆ 1,000 ರೂಪಾಯಿ ಎಂದು ಜಿಲ್ಲಾಡಳಿತ ದರ ಕಟ್ಟಿದಾಗಲೂ ಆ ದರದ ಟ್ಯಾಂಕರನ್ನು ಕಣ್ಣಾರೆ ಕಂಡವರು ಕಡಿಮೆ. ಅಂಥ ಜನರನ್ನು ನೀರು ನಿಲ್ಲಿಸಿ ಹೆದರಿಸುವುದೇ? ನಾಲ್ಕನೇ ದಿನ ಮುತ್ತಿಗೆ ಹಾಕಿದವರೇ ಟ್ಯಾಂಕರ್ ತರಿಸಿಕೊಂಡರು, ಅದೂ ಮುಂಗಡ ಕೊಟ್ಟು.

ಅವರ ಮೂರು ಕವಚ ವಾಹನಗಳು ಫುಟ್‌ಪಾತಿನಲ್ಲಿ ಕಳೆದುಹೋದವು. ಈ ಊರಲ್ಲಿ ಫುಟ್‌ಪಾತ್ ಎಂದರೆ ಚರಂಡಿಯ ಸೂರು. ಸೈಜುಗಲ್ಲಿನ ಗೋಡೆಯ ಮೇಲೆ ಚಪ್ಪಡಿ ಹಾಸಿರುತ್ತಾರೆ. ಎರಡು ಕಡೆ ಕಲ್ಲು ಕೂರಲು ಕೈ ಅಗಲದಷ್ಟಾದರೂ ಜಾಗ ಬೇಕು, ಎರಡು ಬೆರಳು ಸಿಕ್ಕಿರುತ್ತದೆ. ಹೂಳೆತ್ತಲು ತೆಗೆದ ಚಪ್ಪಡಿಯನ್ನು ವಾಪಸ್ ಇಡುವಾಗ ಆ ಎರಡು ಬೆರಳೂ ತಪ್ಪುತ್ತದೆ. ಎತ್ತಿದ ಹೂಳನ್ನು ಅಲ್ಲೇ ದಡದಲ್ಲಿ ಗುಡ್ಡೆ ಹಾಕುವುದರಿಂದ ಮುಂದಿನ ಮಳೆಗೆ ಅದು ತನ್ನ ಮನೆಗೆ ತಾನೇ ಹೋಗುತ್ತದೆ, ಹೂಳೆತ್ತುವ ಟೆಂಡರು ಮತ್ತೊಮ್ಮೆ ಕರೆಯಲು ಅನುಕೂಲ. ವಾಹನಗಳನ್ನು ಹುಡುಕಿಕೊಂಡು ಹೋದ ನಾಲ್ಕನೆಯದೂ ಸಿಗಲಿಲ್ಲ.

ಕದನ ವಿರಾಮದ ಪತ್ರಕ್ಕೆ ಸಹಿ ಹಾಕಿಸಲು ಅವರು ಮೇಯರನ್ನು ಕೇಳಿದರು. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದಾಗಿನಿಂದ ಚುನಾವಣೆ ಸದ್ಯದಲ್ಲೇ ಇದೆ, 2025ರಲ್ಲಿ ಒಂದಿದ್ದ ಪಾಲಿಕೆ ಐದಾಗಿದೆ, ಸ್ವಲ್ಪ ಕಾಯಿರಿ ಎಂದು ತಿಳಿಸಲಾಯಿತು.

ಗುಂಡಿಗಳ ಲೆಕ್ಕ ಮಾತ್ರ ಇತ್ಯರ್ಥವಾಗಲಿಲ್ಲ. ಹೀಗೆ ಬಂತು ನೋಡಿ, ಜಂಟಿ ಸ್ಥಳ ಪರಿಶೀಲನೆ. ಅವರ ಕಡೆಯಿಂದ ಒಬ್ಬ ಎಂಜಿನಿಯರ್. ನಮ್ಮ ಕಡೆಯಿಂದ ಪಾಲಿಕೆಯ ಸಹಾಯಕ ಎಂಜಿನಿಯರ್ (ಎಇ), ಅವರ ಮೇಲಿನ ಎಇಇ, ಜಲಮಂಡಳಿ, ಬೆಸ್ಕಾಂ, ಗ್ಯಾಸ್ ಪೈಪಿನವರು, ಮೆಟ್ರೊದವರು, ಇಂಟರ್‌ನೆಟ್ ಕೇಬಲ್ಲಿನವರು, ಟ್ರಾಫಿಕ್ ಪೊಲೀಸರು. ಎಲ್ಲರೂ ಬಂದರು, ಬೇರೆ ಬೇರೆ ದಿನ.

ಬಾಂಬಿನ ಗುಂಡಿಯನ್ನೂ ನಮ್ಮ ಗುಂಡಿಯನ್ನೂ ಬೇರ್ಪಡಿಸುವುದು ಕಷ್ಟವೇನಲ್ಲ, ಮನಸ್ಸಿರಬೇಕು ಅಷ್ಟೇ. ಬಾಂಬಿನ ಗುಂಡಿಯ ಅಂಚು ಉಬ್ಬಿರುತ್ತದೆ. ಸ್ಫೋಟ ಮಣ್ಣನ್ನು ಹೊರಕ್ಕೆ ದೂಡುವುದರಿಂದ ಡಾಂಬರಿನ ಪದರ ಮೇಲಕ್ಕೆ ಮಡಚಿಕೊಂಡು, ಜಲ್ಲಿ ಎಲ್ಲ ದಿಕ್ಕಿಗೂ ಚೆಲ್ಲಿರುತ್ತದೆ. ನಮ್ಮದರ ಅಂಚು ಉಬ್ಬುವುದಿಲ್ಲ. ಅದರ ಸುತ್ತ ಮೊಸಳೆ ಚರ್ಮದಂಥ ಬಿರುಕಿನ ಜಾಲ ಇರುತ್ತದೆ. ಕೂದಲೆಳೆಯ ಬಿರುಕಿನಲ್ಲಿ ನೀರು ಇಳಿದು, ಬಸ್ಸಿನ ಚಕ್ರ ಹಾದಾಗಲೆಲ್ಲ ಆ ನೀರು ಒತ್ತಡದಲ್ಲಿ ಪಿಚಕಾರಿಯಾಗಿ ಚಿಮ್ಮುತ್ತಾ ಜಲ್ಲಿಯ ನಡುವಿನ ಪುಡಿಯನ್ನೆಲ್ಲ ಹೊರಗೆ ತರುತ್ತದೆ. ಆಮೇಲೆ ತುಂಡು ತುಂಡಾಗಿ ಕೀಳುತ್ತದೆ. ಕಿತ್ತ ಜಲ್ಲಿ ಹೆಚ್ಚಾಗಿ ಸಿಗುವುದು ವಾಹನ ಹೋಗುವ ಜಾಡಿನ ಉದ್ದಕ್ಕೆ. ಜಾಗವೂ ಹೇಳುತ್ತದೆ: ಬಾಂಬು ಎಲ್ಲಿ ಬೇಕಾದರೂ ಬೀಳಬಹುದು, ನಮ್ಮ ಗುಂಡಿ ಹುಟ್ಟುವುದು ಚಕ್ರದ ಜಾಡಿನಲ್ಲಿ, ಬಸ್ ನಿಲ್ದಾಣದ ಮುಂದೆ, ರಸ್ತೆ ಉಬ್ಬಿನ ಬುಡದಲ್ಲಿ, ನೀರು ನಿಲ್ಲುವ ರಸ್ತೆಯಂಚಿನಲ್ಲಿ.

ಅನ್ಯಗ್ರಹದ ಎಂಜಿನಿಯರ್ ಇದನ್ನೆಲ್ಲ ಒಂದೇ ದಿನದಲ್ಲಿ ಕಲಿತ. ಮ್ಯಾನ್‌ಹೋಲಿನ ಸುತ್ತ ಉಂಗುರದಂತೆ ಕುಸಿದದ್ದು ಕಂಡರೆ, ರೋಲರ್ ಚಕ್ರ ಮುಚ್ಚಳದ ಚೌಕಟ್ಟಿನ ಪಕ್ಕಕ್ಕೆ ಹೋಗಲಾರದು, ಬಡಿದು ಗಟ್ಟಿ ಮಾಡುವ ಕೈ ದಿಮ್ಮಸು ತರಲು ಯಾರೂ ನೆನಪಿಟ್ಟಿರಲಿಲ್ಲ ಎಂದು ಬರೆದುಕೊಂಡ. ಅರ್ಧ ಮೀಟರ್ ಅಗಲಕ್ಕೆ ನೇರ ಗೆರೆ ಎಳೆದಂತೆ ರಸ್ತೆ ಅಡ್ಡಡ್ಡ ಕುಸಿದಿದ್ದರೆ ಅದು ಕೇಬಲ್ ಅಥವಾ ಪೈಪಿನ ಕಾಲುವೆ. ಅಗೆದ ಮಣ್ಣನ್ನು 150ರಿಂದ 200 ಮಿಲಿಮೀಟರ್ ಪದರ ಹಾಕಿ ನೀರು ಚಿಮುಕಿಸಿ ದಿಮ್ಮಸು ಹೊಡೆಯುತ್ತಾ ಬರಬೇಕು. ಒಂದೂವರೆ ಮೀಟರ್ ಆಳಕ್ಕೂ ಜೆಸಿಬಿ ಒಂದೇ ಸಲಕ್ಕೆ ತಳ್ಳಿ, ಮೇಲೆ ಎರಡು ಸಲ ಬಕೆಟ್ಟಿನಿಂದ ತಟ್ಟಿ ಹೋಗಿರುತ್ತದೆ. ಬೇಸಿಗೆಯಲ್ಲೂ ನೀರಿರುವ ಗುಂಡಿಗೆ ಅವನೇ ಪರೀಕ್ಷೆ ಶುರು ಮಾಡಿದ. ಆರ್ಥೊಟೊಲಿಡಿನ್ ಹನಿ ಹಾಕಿದಾಗ ನೀರು ಹಳದಿಗೆ ತಿರುಗಿದರೆ ಕ್ಲೋರಿನ್ ಇದೆ, ಕಾವೇರಿ ಪೈಪ್ ಸೋರುತ್ತಿದೆ. ಹಳದಿಯಾಗದೆ ಮೂಗು ಮುಚ್ಚಿಕೊಳ್ಳುವಂತಾದರೆ ಒಳಚರಂಡಿ.

ಇಷ್ಟು ಮಾಡಿ ಪಟ್ಟಿ ತಂದಿಟ್ಟ: ಹನ್ನೊಂದು ನಮ್ಮವು, ಮಿಕ್ಕವು ನಿಮ್ಮವು.

‘ಅದು ಹಂಗಲ್ಲ ಸಾರ್,’ ಎಂದರು ಎಇ. ‘ಬಾಂಬಿನ ಅದುರಿಗೆ ಬಿಟ್ಟುಕೊಂಡಿರಬೋದಲ್ವಾ?’

‘ಹೊಸಕೋಟೆ ಕಡೆ ಬಿದ್ದ ಬಾಂಬಿಗೆ ಕೆಂಗೇರಿಯಲ್ಲಿ ಬಿಟ್ಟುಕೊಳ್ಳುತ್ತದೆಯೇ?’

‘ರಸ್ತೆ ಮಾಡಿದ್ದು ಬೇರೆ ಡಿವಿಷನ್ನು ಸಾರ್. ನಾನು ಬಂದು ಎರಡು ತಿಂಗಳು.’

ತಮ್ಮ ಹನ್ನೊಂದನ್ನಾದರೂ ಮುಚ್ಚಿಕೊಟ್ಟು ಹೋಗೋಣ ಎಂದು ಒಳ್ಳೆಯ ಮನಸ್ಸಿನಿಂದ ಅವರು ಒಂದಕ್ಕೆ ಕೈ ಹಾಕಿದ್ದೇ ಯುದ್ಧದ ಅತಿ ದೊಡ್ಡ ತಪ್ಪು. ಕೈಪಿಡಿ ಓದಿ ಮಾಡಿದರು. ಗುಂಡಿಯ ಸುತ್ತ ಗಟ್ಟಿ ರಸ್ತೆ ಸಿಗುವವರೆಗೆ ಚೌಕ ಗುರುತು ಹಾಕಿ, ಗರಗಸದಿಂದ ಅಂಚನ್ನು ನೆಟ್ಟಗೆ ಕೊಯ್ದರು. ನಾಲ್ಕು ಮೀಟರಿಗೆ ನಾಲ್ಕು ಮೀಟರ್ ಬಂತು. ಕೆಳಗಿನಿಂದ ಮಣ್ಣು ಪದರ ಪದರವಾಗಿ, ಅದರ ಮೇಲೆ 200 ಮಿಲಿಮೀಟರ್ ದಪ್ಪ ಜಲ್ಲಿ ತಳಪದರ, 125ರಂತೆ ಎರಡು ಸಲ ವೆಟ್‌ಮಿಕ್ಸ್, ಅಂದರೆ ನೀರು ಬೆರೆಸಿದ ಜಲ್ಲಿ ಮಿಶ್ರಣ. ಧೂಳು ಊದಿ, ಜಲ್ಲಿಯೊಳಗೆ ಇಳಿಯುವ ತೆಳು ಡಾಂಬರು ದ್ರವ, ಅಂದರೆ ಪ್ರೈಮ್ ಕೋಟ್, ಸುಮಾರು ಹನ್ನೆರಡು ಕೆಜಿ. ಒಣಗಿದ ಮೇಲೆ 50 ಮಿಲಿಮೀಟರ್ ಡಾಂಬರು ಮಿಶ್ರಣದ ಕೆಳಪದರ, ಪದರಗಳನ್ನು ಅಂಟಿಸಲು ನಾಲ್ಕು ಕೆಜಿ ಟ್ಯಾಕ್ ಕೋಟ್, 40 ಮಿಲಿಮೀಟರ್ ಮೇಲ್ಪದರ. ಎರಡೂ ಸೇರಿ ಮೂರೂವರೆ ಟನ್ನಿಗೆ ಸ್ವಲ್ಪ ಕಡಿಮೆ. ಟ್ಯಾಕ್ ಕೋಟಿನ ಕಂದು ಬಣ್ಣ ಕಪ್ಪಾಗುವವರೆಗೆ ಕಾದರು. ಈ ಕಾಯುವ ಕೆಲಸ ನಮ್ಮಲ್ಲಿ ಯಾವ ಎಸ್ಟಿಮೇಟಿನಲ್ಲೂ ಇರುವುದಿಲ್ಲ, ಹಾಗಾಗಿ ಯಾರೂ ಕಾಯುವುದಿಲ್ಲ.

ಈ ಬಿಸಿ ಡಾಂಬರು ಮಿಶ್ರಣ (ಹಾಟ್ ಮಿಕ್ಸ್) ತರುವಲ್ಲಿ ಮಾತ್ರ ಅವರಿಗೆ ಬಾಹ್ಯಾಕಾಶ ನೌಕೆಯ ಅನುಕೂಲವಿತ್ತು. ವಿಜಿ-30 ಎಂಬ ದರ್ಜೆಯ ಡಾಂಬರಿನ ಮಿಶ್ರಣ ಪ್ಲಾಂಟಿನಿಂದ ಹೊರಡುವಾಗ 150ರಿಂದ 165 ಡಿಗ್ರಿ ಇದ್ದು, ಹಾಸುವಾಗ 140ಕ್ಕಿಂತ ಕೆಳಗಿಳಿಯಬಾರದು, ರೋಲರ್ ಕೆಲಸ 90ಕ್ಕೆ ಇಳಿಯುವುದರೊಳಗೆ ಮುಗಿಯಬೇಕು. ನಮ್ಮ ಟಿಪ್ಪರ್ ಊರಾಚೆಯ ಪ್ಲಾಂಟಿನಿಂದ ಹೊರಟು, ತಾನು ಮುಚ್ಚಬೇಕಾದ ಗುಂಡಿಗಳಿಂದಾದ ಟ್ರಾಫಿಕ್ಕಿನಲ್ಲೇ ಎರಡು ಗಂಟೆ ನಿಂತು, ಮೇಲೆ ಹರಿದ ತಾಡಪಾಲು ಹೊದ್ದು ಬರುತ್ತದೆ. ಆರಿದ ಮಿಶ್ರಣವನ್ನು ಎಷ್ಟು ಉರುಳಿಸಿದರೂ ಅದು ಗಟ್ಟಿಯಾಗದು. ಒಳಗೆ ಗಾಳಿಯ ಜಾಗ ಉಳಿಯುತ್ತದೆ, ಮೊದಲ ಮಳೆಗೆ ಆ ಜಾಗ ನೀರಿನದ್ದು. ನೀರು ನಿಂತ ಗುಂಡಿಗೇ ಮಂಕರಿ ಮಗುಚಿ ಸಲಿಕೆಯ ಬೆನ್ನಿನಲ್ಲಿ ತಟ್ಟಿ, ಫೋಟೊ ತೆಗೆದು, ‘ಮುಚ್ಚಲಾಗಿದೆ’ ಎಂದು ಆ್ಯಪಿಗೆ ಏರಿಸುವ ವಿಧಾನವೂ ಇದೆ. ಫೋಟೊ ತೆಗೆದ ಕ್ಷಣದಲ್ಲಿ ಅದು ಮುಚ್ಚಿರುವುದು ಸುಳ್ಳಲ್ಲ.

ಅನ್ಯಗ್ರಹದವರ ಚೌಕ ಮಾತ್ರ ಅಲುಗಲಿಲ್ಲ. ಮೂರನೇ ದಿನಕ್ಕೆ ನೋಟಿಸು ಬಂತು. ಟೆಂಡರ್ ಇಲ್ಲದೆ ಕೆಲಸ ಮಾಡಿದ್ದು ಹೇಗೆ? ಪಾರದರ್ಶಕ ಕಾಯ್ದೆಯ 4(ಜಿ) ಕಲಮಿನಡಿ ಟೆಂಡರಿನಿಂದ ವಿನಾಯಿತಿ ಪಡೆದಿದ್ದೀರಾ? ವರ್ಕ್ ಆರ್ಡರ್ ಎಲ್ಲಿ? ಕೆಲಸದ ಅಳತೆ ಬರೆಯುವ ಎಂಬಿ ಪುಸ್ತಕದಲ್ಲಿ ಏನೂ ದಾಖಲಾಗಿಲ್ಲ, ಆದ್ದರಿಂದ ಸದರಿ ಗುಂಡಿ ಮುಚ್ಚಿದ್ದನ್ನು ಇಲಾಖೆ ಪರಿಗಣಿಸಲು ಬರುವುದಿಲ್ಲ. ಮುಚ್ಚಿದ್ದೇ ಪರಿಗಣನೆಯಲ್ಲಿ ಇಲ್ಲವಾದ್ದರಿಂದ ಅಲ್ಲಿ ಗುಂಡಿ ಇದೆ. ಇರುವ ಗುಂಡಿಗೆ ಎಸ್ಟಿಮೇಟು ಆಗಲೇಬೇಕು. ಆಯಿತು ಕೂಡ. ಈ ನಡುವೆ ರಸ್ತೆ ಹೊಸದಾಗಿ, ಗಟ್ಟಿಯಾಗಿ, ಸಮತಟ್ಟಾಗಿ ಕಂಡದ್ದರಿಂದ ಪೈಪ್ ಹಾಕಲು ಇದೇ ಸೂಕ್ತ ಜಾಗವೆಂದು ಇನ್ನೊಂದು ಇಲಾಖೆಯವರು ಬಂದು ಅಗೆದರು. ಯಾರು ಎಲ್ಲಿ ಯಾವಾಗ ಅಗೆಯಬೇಕೆಂದು ಒಂದೇ ಕಡೆ ಅನುಮತಿ ಕೊಡುವ ಆನ್‌ಲೈನ್ ವ್ಯವಸ್ಥೆ ನಗರದಲ್ಲಿ ಹಳೆಯದು. ಅಗೆದ ಮೇಲೆ ಅರ್ಜಿ ಹಾಕಲು ಅದು ಬಹಳ ಉಪಯುಕ್ತ.

ಕೊನೆಗೆ ಅವರಿಗೆ ಸಾಕಾಯಿತು. ಎಲ್ಲ ಗುಂಡಿಗೂ ಪರಿಹಾರ ಕೊಡುತ್ತೇವೆ, ಯಾರದ್ದೆಂದು ಕೇಳುವುದಿಲ್ಲ, ದರವೂ ನಿಮ್ಮದೇ ಎಂದು ಒಪ್ಪಿಕೊಂಡರು. ಷರತ್ತು ಒಂದೇ ಇತ್ತು. ಹಣ ಬಿಡುಗಡೆಯಾಗುವುದು ಗುಂಡಿ ಮುಚ್ಚಿದ ದಿನವಲ್ಲ. ಮುಚ್ಚಿದ ಗುಂಡಿ ಒಂದು ಮಳೆಗಾಲ ಪೂರ್ತಿ ಮುಚ್ಚಿಕೊಂಡೇ ಇದ್ದರೆ, ಅದರ ಮಾರನೆಯ ದಿನ.

ಷರತ್ತಿನ ಪತ್ರ ತಲುಪಿದ್ದು ಸೋಮವಾರ ಬೆಳಿಗ್ಗೆ. ಐದು ಪಾಲಿಕೆಗಳು, ಅವುಗಳ ಮೇಲಿನ ಪ್ರಾಧಿಕಾರ, ಮಂಡಳಿಗಳು, ನಿಗಮಗಳು ಇತಿಹಾಸದಲ್ಲೇ ಮೊದಲ ಸಲ ಒಂದೇ ಮೇಜಿನ ಸುತ್ತ, ಒಂದೇ ದಿನ, ಹೇಳಿದ ಹೊತ್ತಿಗೆ ಸೇರಿದವು. ಸಂಜೆಯೊಳಗೆ ಒಮ್ಮತದ ತೀರ್ಮಾನವೂ ಆಯಿತು: ನೆರೆಗ್ರಹಗಳೊಂದಿಗಿನ ಬಾಂಧವ್ಯದ ದೃಷ್ಟಿಯಿಂದ ಪರಿಹಾರದ ಬೇಡಿಕೆಯನ್ನು ಹಿಂಪಡೆಯಲಾಗಿದೆ. ಪಟ್ಟಿಯನ್ನು ಹೊಸದಾಗಿ ಟೈಪು ಮಾಡಿಸುವ ಖರ್ಚು ಬೇಡವೆಂದು ತಲೆಬರಹದಲ್ಲಿ ‘ಯುದ್ಧ’ ಎಂದಿದ್ದುದನ್ನು ಮಾತ್ರ ಹೊಡೆದು ಹಾಕಿ, ಮೇಲೆ ಪೆನ್ನಿನಲ್ಲಿ ‘ಮಳೆ’ ಎಂದು ತಿದ್ದಿ, ಆರ್ಥಿಕ ಇಲಾಖೆಗೆ ಕಳಿಸಿದರು.